ಹಿರಿಯರ ಆಮೆ, ಮಠದ ಹೊಂಡ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ರಾಣೆಬೆನ್ನೂರಿಗೆ ಹೋಗಿದ್ದಾಗ ನಾವು ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ನಿಂತೆವು. ಬಿತ್ತನೆಬೀಜದ ವ್ಯಾಪಾರದಿಂದ ಏಳಿಗೆ ಕಂಡ ಮನೆತನವದು. ಅದರ ಹಿಂದಿನ ವರುಷವಷ್ಟೇ ಆ ಮನೆಯ ಹಿರಿಯರು ಲಿಂಗೈಕ್ಯರಾಗಿದ್ದರು. ಪ್ರಸಾದವಾದ ತರುವಾಯ ಮನೆಯ ಸೊಸೆ ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ದಾಸವಾಳದ ಗಿಡದ ಬುಡದಲ್ಲಿ ಆಮೆಯೊಂದು ತಲೆಯನ್ನು ಒಳಗೆಳೆದುಕೊಂಡು ಕುಳಿತಿತ್ತು. ಕಪ್ಪು ಚಿಪ್ಪು, ಅದರ ಒಂದೊಂದು ಉಬ್ಬಿನ ನಡುವಿನಿಂದಲೂ ಹಳದಿಯ ಗೆರೆಗಳು ಕಿರಣಗಳಂತೆ ಹರಡಿದ್ದವು. ನಕ್ಷತ್ರ ಆಮೆಯೆಂದು ಕರೆಯುವುದು ಇದನ್ನೇ.

ಆ ಹಿರಿಯರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿದ್ದಾಗ ಯಾರೋ ಅಲೆಮಾರಿ ಮಾರಾಟಗಾರನಿಂದ ಅದನ್ನು ಅಂಗೈಯಗಲದ ಮರಿಯಾಗಿ ತಂದಿದ್ದರಂತೆ. ಮೂವತ್ತು ವರುಷಗಳಿಗೂ ಮೇಲಾಯಿತು. ಬೆಳಗಿನ ಲಿಂಗಪೂಜೆ ಮುಗಿಸಿ, ಉಳಿದ ದಾಸವಾಳದ ಹೂ ನಾಲ್ಕು, ಒಂದು ಹಿಡಿ ಹೊನಗೊನೆ ಸೊಪ್ಪು ಹಿಡಿದು ಹಿತ್ತಲಿಗೆ ಬರುವುದು ಅವರ ನಿತ್ಯದ ಕ್ರಮ. ಈಗ ಅವರಿಲ್ಲ. ಮಗನ ಉದ್ಯೋಗ ಬೆಂಗಳೂರಿನಲ್ಲಿ, ವಾಸ ನಾಲ್ಕನೆಯ ಅಂತಸ್ತಿನಲ್ಲಿ. ಹಳೆಯ ಮನೆಯನ್ನು ಮಾರುವ ಮಾತು ನಡೆದಿತ್ತು. “ಇದನ್ನೇನು ಮಾಡುವುದು, ನೀವೇ ಹೇಳಿರಿ” ಎಂದು ಆ ತಾಯಿ ಕೇಳಿದರು.

ಕೇಳುವ ಮೊದಲೇ ಊರವರು ಉತ್ತರಗಳನ್ನು ಕೊಟ್ಟಿದ್ದರು. ಒಬ್ಬರು ಒಳ್ಳೆಯ ಬೆಲೆಗೆ ಕೊಳ್ಳಲು ಸಿದ್ಧರಿದ್ದರು, ಮನೆಯಲ್ಲಿ ಈ ಆಮೆಯಿದ್ದರೆ ಲಕ್ಷ್ಮಿ ನೆಲೆಸುವಳೆಂದು. ಇನ್ನೊಬ್ಬರು, ಊರ ಪಕ್ಕದಲ್ಲಿಯೇ ಕೃಷ್ಣಮೃಗಗಳ ಅಭಯಾರಣ್ಯವಿರುವಾಗ ಚಿಂತೆಯೇಕೆ, ಒಂದು ಸಂಜೆ ಒಯ್ದು ಬಿಟ್ಟುಬಿಡಿ ಎಂದಿದ್ದರು. ಹಿರಿಯರ ಪತ್ನಿಯವರ ಅಪೇಕ್ಷೆಯೇ ಬೇರೆ: “ಮಠದ ಹೊಂಡಕ್ಕೆ ಬಿಡೋಣ. ನಾವು ಇಂದಿದ್ದೇವೆ, ನಾಳೆಯಿಲ್ಲ. ಮಠಕ್ಕೆ ಹಾಗಲ್ಲ, ಒಬ್ಬರ ಹಿಂದೆ ಒಬ್ಬರು ಪೀಠಕ್ಕೆ ಬರುತ್ತಲೇ ಇರುತ್ತಾರೆ. ಅಲ್ಲಿದ್ದರೆ ಅದಕ್ಕೆ ಎಂದಿಗೂ ಅನಾಥತ್ವವಿಲ್ಲ.”

ಆ ತಾಯಿಯ ಮಾತಿನಲ್ಲಿ ದೊಡ್ಡ ವಿವೇಕವಿತ್ತು. ಆದರೂ ನಾವು ಬಹಳ ಹೊತ್ತು ಮಾತಾಡಲಿಲ್ಲ. ಕಾರಣವನ್ನು ಇಲ್ಲಿ ಬರೆಯಲೇಬೇಕಾಗಿದೆ.

ನಾವು ಇನ್ನೂ ಮಠವೊಂದರಲ್ಲಿ ಸಾಧಕರಿಗೆ ಪಾಠ ಹೇಳಿಕೊಂಡಿದ್ದ ಕಾಲ. ಭಕ್ತರೊಬ್ಬರು ಇಂತಹದೇ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಅವರಿಗೆ ದೂರದೂರಿಗೆ ವರ್ಗವಾಗಿತ್ತು. ನಮಗೆ ವ್ಯಾಕರಣ ಬರುತ್ತಿತ್ತು, ತರ್ಕ ಬರುತ್ತಿತ್ತು, ಆಗಮಗಳ ಪರಿಚಯವಿತ್ತು. ಆಮೆಯ ವಿಷಯ ಏನೂ ಬರುತ್ತಿರಲಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ನೀರು ತಿಳಿಯಾಗಿರಲೆಂದು ಬಾವಿಯಲ್ಲಿ ಆಮೆ ಬಿಡುವ ರೂಢಿಯಿದ್ದಿತು. ಆಮೆಯೆಂದರೆ ನೀರು ಎಂಬುದಷ್ಟೇ ನಮ್ಮ ತಿಳಿವು. ಮಠದ ಹೊಂಡಕ್ಕೆ ಬಿಡಿಸಿದೆವು. ಭಕ್ತರು ಕೈಮುಗಿದು ಹೋದರು. ಮೂರನೆಯ ದಿನ ಬೆಳಗಿನ ಜಾವ ಅಗ್ಘವಣಿ ತರಲು ಹೋದ ಹುಡುಗ ಓಡಿಬಂದು, ಆಮೆ ಮಗುಚಿ ತೇಲುತ್ತಿದೆಯೆಂದು ತಿಳಿಸಿದ. ಹೊಂಡಕ್ಕೆ ಕಡಿದಾದ ಕಲ್ಲಿನ ಗೋಡೆ. ಮೆಟ್ಟಿಲಿದ್ದುದು ಒಂದೇ ಬದಿಗೆ. ಅದು ಎಷ್ಟು ಹೊತ್ತು ಗೋಡೆಯನ್ನು ಕೆರೆದಿತ್ತೋ.

ಮರುವರುಷ ಜಾತ್ರೆಗೆ ಬಂದಾಗ ಆ ಭಕ್ತರು “ನಮ್ಮ ಆಮೆ ಹೇಗಿದೆ?” ಎಂದು ಕೇಳಿದರು. ನಾವು “ಇದೆ” ಎಂದೆವು. ಅದರ ಮುಂದಿನ ವರುಷವೂ ಕೇಳಿದರು.

ಈಗ ತಿಳಿದಿರುವುದನ್ನು ಹೇಳುತ್ತೇವೆ. ಕನ್ನಡದಲ್ಲಿ ನಾವು ಆಮೆ ಎಂಬ ಒಂದೇ ಮಾತಿನಿಂದ ಕರೆಯುವ ಜೀವಿಗಳಲ್ಲಿ ನೀರಿನವು ಬೇರೆ, ನೆಲದವು ಬೇರೆ. ನೀರಿನ ಆಮೆಯ ಬೆರಳುಗಳ ನಡುವೆ ಜಾಲಪೊರೆಯಿರುತ್ತದೆ, ಚಿಪ್ಪು ತಟ್ಟೆಯಂತೆ ಚಪ್ಪಟೆ. ನಕ್ಷತ್ರ ಆಮೆ ಶುದ್ಧ ನೆಲವಾಸಿ: ಆನೆಯ ಕಾಲನ್ನು ಕಿರಿದು ಮಾಡಿದಂತಹ ಕಂಬಗಾಲು, ಗುಮ್ಮಟದಂತಹ ಚಿಪ್ಪು. ಅದಕ್ಕೆ ಈಜು ಬರುವುದಿಲ್ಲ. ಒಣ ಕುರುಚಲು, ಹುಲ್ಲುಗಾವಲು ಅದರ ಬೀಡು. ಹುಲ್ಲು, ಎಲೆ, ಹೂ, ಉದುರಿದ ಹಣ್ಣು ಅದರ ಆಹಾರ. ಮೈಗೆ ಬಿಸಿಲು ಬೀಳದಿದ್ದರೆ ಸುಣ್ಣದ ಅಂಶ ಹಿಡಿಯದೆ ಚಿಪ್ಪು ಮೆತ್ತಗಾಗುತ್ತದೆ. ಪ್ರೀತಿಯಿಂದ ಅನ್ನ, ಹಾಲು, ಬಿಸ್ಕತ್ತು ತಿನ್ನಿಸುವ ಮನೆಗಳುಂಟು. ಅದು ಪ್ರೀತಿಯೇ ಸರಿ, ಆಮೆಗೆ ಮಾತ್ರ ರೋಗ. ರಾಣೆಬೆನ್ನೂರಿನ ಹಿರಿಯರಿಗೆ ಇದನ್ನು ಯಾರು ಕಲಿಸಿದ್ದರೋ ತಿಳಿಯದು; ಹೂ ಸೊಪ್ಪುಗಳ ಆಚೆ ಅವರು ಏನನ್ನೂ ಹಾಕುತ್ತಿರಲಿಲ್ಲವಂತೆ. ಆ ಚಿಪ್ಪಿನ ನುಣುಪೇ ಅದಕ್ಕೆ ಸಾಕ್ಷಿಯಾಗಿತ್ತು.

ಹಾಗಾದರೆ ಅಭಯಾರಣ್ಯವೇ ಸರಿಯಲ್ಲವೇ, ಅಲ್ಲಿ ಕುರುಚಲೂ ಇದೆ, ಹುಲ್ಲೂ ಇದೆ ಎಂದು ಮಗ ಕೇಳಿದರು. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಆ ಅಭಯಾರಣ್ಯ ಕೃಷ್ಣಮೃಗಗಳಿಗೆಂದು ಕಾಯ್ದಿಟ್ಟ ನೆಲ. ಮೂರು ದಶಕ ಮನುಷ್ಯರ ಕೈಯಲ್ಲಿ ಉಂಡ ಆಮೆ ತನ್ನ ಮೇವನ್ನು ತಾನೇ ಅರಸಬಲ್ಲುದೆಂಬ ಭರವಸೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಮನೆಯ ಆಮೆ ತನ್ನೊಳಗೆ ಹೊತ್ತ ಉಸಿರಾಟದ ಸೋಂಕು ಕಾಡಿನವಕ್ಕೆ ತಗುಲಬಹುದು. ಎಲ್ಲಿಯದೋ ಸಂತತಿ ಇಲ್ಲಿಯದರೊಡನೆ ಬೆರೆಯುವುದೂ ಸಲ್ಲದು. ಬ್ಯಾಡಗಿಯ ಪೇಟೆಗೆ ಬಂದ ಮರಿ ಯಾವ ಸೀಮೆಯದೆಂದು ಯಾರು ಬಲ್ಲರು?

ಇದಕ್ಕೊಂದು ದೃಷ್ಟಾಂತವುಂಟು. ಕಳ್ಳಸಾಗಣೆಯಲ್ಲಿ ಸಿಂಗಪುರ ಸೇರಿ ಅಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು. ಸಿಂಗಪುರದ ಪ್ರಾಣಿರಕ್ಷಣಾ ಸಂಸ್ಥೆ, ನಮ್ಮ ದೇಶದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ, ಕರ್ನಾಟಕದ ಅರಣ್ಯ ಇಲಾಖೆ ಮೂವರೂ ಸೇರಿ ಮಾಡಿದ ಕಾರ್ಯ. ಕಾಡಿನ ಜೀವಿಗಳು, ಕಾಡನ್ನು ಕಾಯುವ ಇಲಾಖೆಯ ಕೈಗೇ ಬಂದಿದ್ದವು. ಆದರೂ ಅವನ್ನು ವಿಮಾನದಿಂದಿಳಿಸಿ ನೇರವಾಗಿ ಕಾಡಿಗೆ ಬಿಡಲಿಲ್ಲ. ಪ್ರತ್ಯೇಕವಾಗಿರಿಸಿ ವೈದ್ಯರು ಆರೋಗ್ಯ ನೋಡಿಕೊಂಡು, ಮೆಲ್ಲಮೆಲ್ಲನೆ ಕಾಡಿಗೆ ಒಗ್ಗಿಸುವ ಕ್ರಮ ಹಿಡಿದರು. ಬಲ್ಲವರೇ ಇಷ್ಟು ಎಚ್ಚರ ವಹಿಸುವಾಗ ನಾವು ಒಂದು ಸಂಜೆ ಚೀಲದಲ್ಲಿ ಒಯ್ದು ಬಿಟ್ಟುಬರುವುದು ಹೇಗೆ?

ಬೆಲೆಗೆ ಕೊಳ್ಳಬಂದವರ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಕಾಯಕದಿಂದ ಬಾರದ ಲಕ್ಷ್ಮಿ ಆಮೆಯ ಬೆನ್ನೇರಿ ಬರುವಳೆಂದು ನಂಬುವವರಿಗೆ ಹೇಳುವುದಾದರೂ ಏನು? ಈ ನಂಬುಗೆಯೂ ವಿದೇಶಗಳ ಸಾಕುವ ಹುಚ್ಚೂ ಕೂಡಿಯೇ ಆ ಬಡಜೀವಿಗಳು ಸಾವಿರ ಸಾವಿರವಾಗಿ ಸೂಟ್‌ಕೇಸುಗಳಲ್ಲಿ ಸಾಗಿಹೋಗುತ್ತಿರುವುದು. 2019ರಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಠಿಣ ನಿರ್ಬಂಧ ಹೇರಿದವು.

ನಮ್ಮ ದೇಶದ ಕಾನೂನನ್ನೂ ಮನೆಗಳಲ್ಲಿ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ನಕ್ಷತ್ರ ಆಮೆ ಈಗ ಹುಲಿ, ಆನೆ, ಇದೇ ರಾಣೆಬೆನ್ನೂರಿನ ಕೃಷ್ಣಮೃಗ ಇವುಗಳ ಸಾಲಿನಲ್ಲಿ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಸಾಕುವುದು, ಮಾರುವುದು, ದಾನ ಕೊಡುವುದು ಎಲ್ಲವೂ ಅಪರಾಧ. ಶಿಕ್ಷೆ ಮೂರು ವರುಷಕ್ಕೆ ಕಡಿಮೆಯಿಲ್ಲದೆ ಏಳು ವರುಷದವರೆಗೆ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮಠಕ್ಕೂ ಇದರಿಂದ ವಿನಾಯಿತಿಯಿಲ್ಲ. ಇದನ್ನು ಕೇಳಿ ಆ ಮನೆಯಲ್ಲಿ ಎಲ್ಲರೂ ಬೆಚ್ಚಿದರು. ರಾತ್ರೋರಾತ್ರಿ ಎಲ್ಲಿಯಾದರೂ ಬಿಟ್ಟುಬರುವ ಯೋಚನೆ ಹುಟ್ಟುವುದು ಇಂತಹ ಗಳಿಗೆಯಲ್ಲಿಯೇ. ಭಯ ಮನುಷ್ಯರದು, ಪ್ರಾಣ ಆಮೆಯದು.

ನಾವು ಹೇಳಿದ್ದು ಇಷ್ಟು. ಕಾನೂನು ಬಲ್ಲವರೊಬ್ಬರನ್ನು ಮೊದಲು ವಿಚಾರಿಸಿರಿ. ಅವರನ್ನು ಜೊತೆಗೆ ಕರೆದುಕೊಂಡು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಇದ್ದುದನ್ನು ಇದ್ದಂತೆ ಬರೆದುಕೊಟ್ಟು ಒಪ್ಪಿಸಿರಿ. ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ, ಗದಗಿನ ಹತ್ತಿರ ಬಿಂಕದಕಟ್ಟಿಯಲ್ಲಿ ಕಿರು ಮೃಗಾಲಯಗಳಿವೆ. ಆದರೆ ನೇರವಾಗಿ ಅಲ್ಲಿಗೆ ಒಯ್ಯಬೇಡಿರಿ, ಇಲಾಖೆಯ ಮೂಲಕವೇ ಹೋಗಬೇಕು.

ಹಿರಿಯರ ಪತ್ನಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. “ಸರಕಾರದವರಿಗೆ ಕೊಟ್ಟರೆ ಯಾರು ನೋಡುತ್ತಾರೆ?” ಎಂದರು. ಆಗ ನಾವು ಕಲ್ಕತ್ತೆಯ ಆಲಿಪುರ ಮೃಗಾಲಯದ ಆಮೆಯ ಕಥೆ ಹೇಳಿದೆವು. ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದ ತಳಿಯ ಆ ದೈತ್ಯ ಆಮೆ ರಾಬರ್ಟ್ ಕ್ಲೈವನದೆಂಬ ಪ್ರತೀತಿಯಿತ್ತು. ಕ್ಲೈವ 1774ರಲ್ಲಿಯೇ ತೀರಿಕೊಂಡ. ಆಮೆ ಬ್ಯಾರಕ್‌ಪುರದಲ್ಲಿದ್ದು, 1870ರ ದಶಕದಲ್ಲಿ ಮೃಗಾಲಯ ಸೇರಿ, ಅಲ್ಲಿ ಒಂದೇಕಾಲು ಶತಮಾನಕ್ಕೂ ಹೆಚ್ಚು ಬಾಳಿ, 2006ರ ಮಾರ್ಚಿನಲ್ಲಿ ಮಡಿಯಿತು. ಅದರ ವಯಸ್ಸು ಇನ್ನೂರೈವತ್ತು ದಾಟಿತ್ತೆಂದು ಹೇಳುವವರುಂಟು. ಅದು ಸಿದ್ಧಪಟ್ಟ ಮಾತಲ್ಲ. ಅದರ ಹೆಸರು ಅದ್ವೈತ! ನಾವು ಶಕ್ತಿವಿಶಿಷ್ಟಾದ್ವೈತದವರು, ಆದರೂ ಆ ಹೆಸರಿಗೆ ತಕರಾರು ತೆಗೆಯುವುದಿಲ್ಲ. ಸೇಂಟ್ ಹೆಲೆನಾ ದ್ವೀಪಕ್ಕೆ 1882ರಲ್ಲಿ ತಂದ ಜೋನಾಥನ್ ಎಂಬ ಆಮೆಯೂ ಹಾಗೆಯೇ, ಗವರ್ನರರ ಬಂಗಲೆಯ ಅಂಗಳದಲ್ಲಿ ಒಬ್ಬರ ಹಿಂದೆ ಒಬ್ಬರು ಗವರ್ನರರನ್ನು ಬೀಳ್ಕೊಟ್ಟಿತು. ಅವುಗಳನ್ನು ಉಳಿಸಿದ್ದು ಒಬ್ಬ ವ್ಯಕ್ತಿಯ ಮಮತೆಯಲ್ಲ. ಕಾಯುವವ ಹೋದರೂ ಕಾಯುವ ಕೆಲಸ ಉಳಿಯುವಂತಹ ಒಂದು ಏರ್ಪಾಡು. “ತಾಯಿ, ಮಠಕ್ಕೆ ಪರಂಪರೆಯುಂಟೆಂದು ನೀವು ಅಂದದ್ದು ಸರಿಯೇ, ಈ ಜೀವಿಗೆ ತಕ್ಕ ಪರಂಪರೆ ಬೇರೆ ಕಡೆ ಇದೆ” ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೆ ಅವರ ನೆನಪಿರುತ್ತದೆಯೇ?” ಎಂದು ಕೇಳಿದರು.

ಗುರುಕರುಣೆಯ ಪಾಠ ಹೇಳುವಾಗ ನಾವು ಎಷ್ಟೋ ಬಾರಿ ಕೂರ್ಮದ ದೃಷ್ಟಾಂತ ಕೊಟ್ಟಿದ್ದೇವೆ. ಮೀನು ನೋಟದಿಂದ, ಹಕ್ಕಿ ಸ್ಪರ್ಶದಿಂದ, ಆಮೆ ಬರಿಯ ನೆನಹಿನಿಂದ ತನ್ನ ಮರಿಗಳನ್ನು ಬೆಳೆಸುತ್ತದೆಂಬುದು ಹಿರಿಯರ ಉಪಮೆ. ವಾಸ್ತವದಲ್ಲಿ ತಾಯಿ ಆಮೆ ಮಣ್ಣು ಕೆದರಿ ಮೊಟ್ಟೆಯಿಟ್ಟು, ಮುಚ್ಚಿ, ಹೊರಟುಹೋಗುತ್ತದೆ, ತಿರುಗಿ ನೋಡುವುದಿಲ್ಲ. ಉಪಮೆಯನ್ನು ನಾವು ಬಿಟ್ಟಿಲ್ಲ, ಅದು ಗುರುವನ್ನು ಕುರಿತದ್ದು. ಆ ತಾಯಿಗೆ ಮಾತ್ರ ಉಪಮೆಯನ್ನು ಹೇಳಲಿಲ್ಲ. “ಸೊಪ್ಪು ತರುವ ಕೈಯ ಗುರುತು ಅದಕ್ಕೆ ಹತ್ತಬಹುದು. ಆಮೆಯ ಅಂತರಂಗ ನಮಗೆ ತಿಳಿಯದು” ಎಂದೆವು. ಅವರಿಗೆ ಸಮಾಧಾನವಾಯಿತೋ ಇಲ್ಲವೋ.

ನಡುವೆ ಒಂದು ಮಾತು. ಪಟ್ಟಣಗಳಲ್ಲಿ ಅಂಗಡಿಯಿಂದ ನಾಣ್ಯದಗಲದ ಹಸಿರು ಮರಿಯಾಮೆಗಳನ್ನು ತಂದು ಗಾಜಿನ ತೊಟ್ಟಿಯಲ್ಲಿ ಬಿಡುವ ಮನೆಗಳು ಹೆಚ್ಚಿವೆ. ಕೆನ್ನೆಯ ಮೇಲೆ ಕೆಂಪು ಪಟ್ಟೆಯಿರುವ ಅವು ಅಮೆರಿಕೆಯ ನೀರಾಮೆಗಳು. ಊಟದ ತಟ್ಟೆಯಷ್ಟಾಗುತ್ತವೆ, ಎರಡು ಮೂರು ದಶಕ ಬಾಳುತ್ತವೆ. ಸಾಕಾಯಿತೆಂದು ಊರ ಕೆರೆಗೆ ಬಿಟ್ಟರೆ ನಮ್ಮ ಕೆರೆಯಾಮೆಗಳ ಮೇವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತವೆ. ಕೊಳ್ಳದಿರುವುದೇ ಲೇಸು. ಕೊಂಡಾಗಿದ್ದರೆ ಬೇಲಿಯುಳ್ಳ ಸ್ವಂತ ಕೊಳವಿರುವ, ಸಾಕುವುದನ್ನು ಬಲ್ಲ ವಯಸ್ಕರನ್ನು ಹುಡುಕಿ ಕೈಯಾರೆ ಕೊಡಬೇಕು. ಯಾವ ಆಮೆಯನ್ನು ಮುಟ್ಟಿದರೂ ಮಕ್ಕಳು ಸಾಬೂನಿನಿಂದ ಕೈ ತೊಳೆಯಬೇಕು. ಹೊಟ್ಟೆಯ ರೋಗ ತರುವ ಸೂಕ್ಷ್ಮಾಣು ಅವುಗಳ ಮೈಮೇಲಿರಬಹುದು.

ದಸರೆಗೆ ಮುಂಚೆ ಮಗ ಆಮೆಯನ್ನು ಇಲಾಖೆಗೆ ಒಪ್ಪಿಸಿದರೆಂದು ತಿಳಿಯಿತು. ಹೇಳಿಕೆ ಬರೆಸಿಕೊಂಡರಂತೆ, ಎರಡು ಬಾರಿ ಅಲೆದಾಡಬೇಕಾಯಿತಂತೆ. ಎಲ್ಲರಿಗೂ ಅಷ್ಟರಲ್ಲೇ ಮುಗಿಯುವುದೆಂದು ನಾವು ಭರವಸೆ ಕೊಡಲಾರೆವು. ಪಶುವೈದ್ಯರು ನೋಡಿ ಹೆಣ್ಣಾಮೆಯೆಂದರು; ಇಷ್ಟು ವರುಷ ಆ ಮನೆಯಲ್ಲಿ ಅದನ್ನು ‘ಬಸಣ್ಣ’ ಎಂದು ಕರೆಯುತ್ತಿದ್ದರು. ಹೋಗುವಾಗ ಮೊಮ್ಮಗಳು ಒಂದು ಹಾಳೆಯನ್ನು ಬರೆದು ಜೊತೆಗೆ ಕೊಟ್ಟಳಂತೆ: ಬೆಳಿಗ್ಗೆ ಎಂಟಕ್ಕೆ ತಿನ್ನುತ್ತದೆ, ಬಿಳಿ ದಾಸವಾಳ ಬೇಡ, ಕೆಂಪು ಬೇಕು, ಮಳೆ ಬಂದರೆ ತಾನಾಗಿ ಹೊರಗೆ ಬರುತ್ತದೆ, ಎಡ ಹಿಂಗಾಲಿಗೆ ಹಳೆಯ ಗಾಯವಿದೆ. ಅಧಿಕಾರಿಗಳು ಅದನ್ನು ಓದಿ ಕಡತದೊಳಗೆ ಸೇರಿಸಿಕೊಂಡರು. ಪ್ರಾಣಿಯನ್ನು ಒಪ್ಪಿಸುವವರೆಲ್ಲರೂ ಇಂತಹದೊಂದು ಹಾಳೆಯನ್ನು ಬರೆಯುವುದು ಒಳಿತು.

ನಮ್ಮ ಹೊಂಡಕ್ಕೆ ಆಮೆ ತಂದಿದ್ದ ಭಕ್ತರು ಈಗಿಲ್ಲ. ಈ ಪತ್ರಿಕೆ ಅವರ ಮನೆಗೆ ಮೊದಲಿನಿಂದಲೂ ಹೋಗುತ್ತಿದೆ, ಅವರ ಮಗ ಓದುತ್ತಾರೆ. ಅವರಿಗೆ ತಿಳಿಸಬೇಕಾದದ್ದಿಷ್ಟು: ನಿಮ್ಮ ತಂದೆಯವರು ಕೇಳಿದಾಗ ನಾವು “ಇದೆ” ಎಂದದ್ದು ಸುಳ್ಳು. ಅದು ಮೂರನೆಯ ದಿನವೇ ಹೋಯಿತು. ಹೊಂಡದ ಪಕ್ಕದ ಬನ್ನಿಗಿಡದ ಬುಡದಲ್ಲಿ ಅದನ್ನು ಮಣ್ಣುಮಾಡಿದೆವು.