ಮಗನ ಸಂಬಳಕ್ಕೆ ಅಪ್ಪನ ಅಕ್ಕಿ



ಹಬ್ಬ ಮುಗಿದ ಮಾರನೇ ದಿನ ಸಂಜೆ ಸೊರಬದ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿ. ಬೆಂಗಳೂರಿಗೆ ಹೊರಟ ಹುಡುಗರ ಕೈಯಲ್ಲಿ ಬಟ್ಟೆ ಚೀಲಕ್ಕಿಂತ ದೊಡ್ಡದಾಗಿ ಇನ್ನೊಂದು ಚೀಲ ಇರುತ್ತೆ. ಅದರಲ್ಲಿ ಅಕ್ಕಿ, ನಾಲ್ಕು ತೆಂಗಿನಕಾಯಿ, ಸಾರಿನ ಪುಡಿ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ. ನನ್ನ ಮಗನೂ ಹಾಗೇ ಹೋಗ್ತಾನೆ. ಹೊಸಬಾಳೆಯ ಗದ್ದೆಯಲ್ಲಿ ಬೆಳೆದ ಅಕ್ಕಿ ಪೀಣ್ಯದ ಹತ್ತಿರ ಒಂದು ಶೀಟಿನ ರೂಮಿನಲ್ಲಿ ಬೇಯುತ್ತೆ.

ಅಷ್ಟು ದುಬಾರಿ ಊರಿನಲ್ಲಿ ಇಷ್ಟು ಕಡಿಮೆ ಸಂಬಳಕ್ಕೆ ಹೆಂಗಪ್ಪಾ ಬದುಕ್ತಾರೆ ಅಂತ ತಿಳಿದವರು ಕೇಳ್ತಾರೆ. ಉತ್ತರ ಆ ಚೀಲದಲ್ಲಿದೆ.

ಲೆಕ್ಕ ಹೇಳ್ತೀನಿ. ಮಗನಿಗೆ ಓಟಿ ಸೇರಿ ಕೈಗೆ ಬರೋದು 15,000 ರೂಪಾಯಿ. ರೂಮಿನ ಬಾಡಿಗೆ 7,500, ಮೂವರು ಹಂಚಿಕೊಂಡರೆ ತಲೆಗೆ 2,500. ಹಾಲು, ತರಕಾರಿ, ಗ್ಯಾಸು 2,500. ಮಧ್ಯಾಹ್ನದ ಊಟ 1,200, ಬಸ್ಸು 1,200, ಫೋನು 350. ಸೋಪು, ಚಹಾ, ಮಾತ್ರೆ ಅಂತ 1,250. ಒಟ್ಟು 9,000. ಉಳಿದ ಆರು ಸಾವಿರದಲ್ಲಿ ಊರಿಗೆ ಬಂದು ಹೋಗಬೇಕು, ಮದುವೆ ಮುಂಜಿಗೆ ಮುಯ್ಯಿ ಮಾಡಬೇಕು, ಮನೆಯ ಸಾಲಕ್ಕೆ ಅಷ್ಟೋ ಇಷ್ಟೋ ಕಳಿಸಬೇಕು. ಇದು ಒಂಟಿ ಗಂಡಸಿನ ಲೆಕ್ಕ. ಹೆಂಡತಿ, ಮಗು ಜೊತೆಗಿದ್ದರೆ ಬಾಡಿಗೆ ಹಂಚಿಕೊಳ್ಳೋರು ಯಾರು? ಅರ್ಧ ಸಂಬಳ ಮನೆ ಮಾಲೀಕನಿಗೇ ಹೋಗುತ್ತೆ. ಅದಕ್ಕೇ ಎಷ್ಟೋ ಹುಡುಗರು ಹೆಂಡತಿ ಮಕ್ಕಳನ್ನ ಊರಲ್ಲೇ ಬಿಟ್ಟು ಹೋಗಿದ್ದಾರೆ.

ಉಪಾಯ ಮಾಡದೆ ಯಾರೂ ಅಲ್ಲಿ ಬದುಕೋದಿಲ್ಲ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವನು ಬಂದು ಮಲಗ್ತಾನೆ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನು, ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಅಂತ ಎಷ್ಟೋ ಜನರ ಹೊಟ್ಟೆ ಕಾಯ್ತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಆದ ಮೇಲೆ ಗಾರ್ಮೆಂಟಿಗೆ ಹೋಗೋ ನಮ್ಮ ಹುಡುಗಿಯರ ಕೈಯಲ್ಲಿ ನಾಲ್ಕು ಕಾಸು ಉಳೀತು. ಅದನ್ನ ಆಡಿಕೊಳ್ಳೋರು ಆಡಿಕೊಳ್ಳಲಿ, ನಾನು ಆಡಿಕೊಳ್ಳೋದಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಆಸರೆ ನಾವೇ. ರೂಮಿಗೆ ಮುಂಗಡ 50,000 ಕೇಳಿದರು. ಮಗನ ಹತ್ತಿರ ಎಲ್ಲಿತ್ತು? ಮನೆಯವಳ ಸರ ಒತ್ತೆ ಇಟ್ಟು ತಂದು ಕೊಟ್ಟೆ. ಬ್ಯಾಂಕಿನ ಪುಸ್ತಕದಲ್ಲಿ ಅದು ಬೆಳೆ ಸಾಲ! ಆ ದುಡ್ಡು ನನ್ನ ಗದ್ದೆಗೆ ಒಂದು ಚೀಲ ಗೊಬ್ಬರವನ್ನೂ ತರಲಿಲ್ಲ. ಬಡ್ಡಿ ಕಟ್ಟೋನು ನಾನು, ಬಡ್ಡಿಯಿಲ್ಲದೆ ಇಟ್ಟುಕೊಂಡಿರೋನು ಬೆಂಗಳೂರಿನ ಮನೆ ಮಾಲೀಕ. ರೈತ ಯಾಕೆ ಸಾಲಗಾರ ಅಂತ ಲೆಕ್ಕ ಹಾಕೋ ಅಧಿಕಾರಿಗಳು ಈ ಬಾಬತ್ತನ್ನ ಯಾವ ಕಲಮಿನಲ್ಲಿ ಬರೀತಾರೆ?

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಈ ಗುಟ್ಟು ಬಯಲಾಯ್ತು. ಕೆಲಸ ನಿಂತ ಮೇಲೆ ಹುಡುಗರನ್ನ ಸಾಕಿದ್ದು ಕಾರ್ಖಾನೆ ಅಲ್ಲ, ಅವರ ಅಪ್ಪ ಅಮ್ಮನ ಕಣಜ. ಹೊರ ರಾಜ್ಯದ ಕೂಲಿಗಳ ಪಾಡು ಇನ್ನೂ ಕೆಟ್ಟದಾಗಿತ್ತು. ಆ ಮೇ ತಿಂಗಳಲ್ಲಿ ಕಟ್ಟಡದ ಕಂಟ್ರಾಕ್ಟರುಗಳ ಜೊತೆ ಸಭೆ ಆದ ಮೇಲೆ ನಮ್ಮ ಸರ್ಕಾರ ಅವರ ರೈಲುಗಳನ್ನೇ ಬೇಡ ಅಂದಿತ್ತು. ಜನ ಛೀ ಅಂದ ಮೇಲೆ ಮತ್ತೆ ಬಿಟ್ಟಿತು. ಆಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಪಕ್ಕದ ಶಿಕಾರಿಪುರದವರೇ. ಕೂಲಿಯವನ ದುಡಿಮೆ ಬೇಕು, ಕಷ್ಟ ಬೇಡ ಅಂದರೆ ಇದೇ ತಾನೇ?

ಇನ್ನು ಬೆಲೆಯ ಮಾತು. ಭತ್ತಕ್ಕೆ ಬೆಲೆ ಕೊಡಿ ಅಂದರೆ ಪಟ್ಟಣದ ಬಡವ ಸಾಯ್ತಾನೆ ಅಂತಾರೆ. ಆ ಬಡವ ಯಾರು ಸ್ವಾಮಿ? ನನ್ನ ಮಗ. ಅವನ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸ್ತಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರ್ ತನಕ ಬಿಡಲಿಲ್ಲ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಕ್ವಿಂಟಾಲಿಗೆ 65 ಕೆಜಿ ಅಕ್ಕಿ ಅಂತ ಹಿಡಿದರೆ ಕೆಜಿಗೆ 36 ರೂಪಾಯಿ ಚಿಲ್ಲರೆ ಬೀಳುತ್ತೆ. ಮನೆಯ ಚೀಲ ಖಾಲಿ ಆದಾಗ ಮಗ ಅಂಗಡಿಯಲ್ಲಿ 55ಕ್ಕೆ ಕಡಿಮೆ ಕೊಂಡಿದ್ದಿಲ್ಲ. ಅಪ್ಪನಿಗೂ ಸಿಗಲಿಲ್ಲ, ಮಗನಿಗೂ ಉಳಿಯಲಿಲ್ಲ.

ಇಬ್ಬರ ಲೆಕ್ಕ ಬರೆಯೋ ಕೈಯೂ ಒಂದೇ ಥರದ್ದು. ಸ್ವಾಮಿನಾಥನ್ ಆಯೋಗ ಖರ್ಚಿನ ಮೇಲೆ ಅರ್ಧ ಸೇರಿಸಿ ಬೆಲೆ ಕೊಡಿ ಅಂದಿತ್ತು. ಸರ್ಕಾರ ಕೈಯಿಂದ ಬಿಟ್ಟ ಖರ್ಚು, ಮನೆಯವರ ದುಡಿಮೆ ಇಷ್ಟನ್ನೇ ಹಿಡಿದು ಒಂದೂವರೆ ಪಟ್ಟು ಕೊಟ್ಟೆವು ಅನ್ನುತ್ತೆ. ನಮ್ಮ ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಲೆಕ್ಕಕ್ಕಿಲ್ಲ. ಕೂಲಿಯದೂ ಹಾಗೇ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿ ಅಂದರೆ ಒಂದು ಸಂಸಾರದ ಅನ್ನ, ಬಟ್ಟೆ, ಮನೆ ಬಾಡಿಗೆ ಅಂತ ಸೂತ್ರ ಹಾಕಿತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ವೈದ್ಯ, ಮುಪ್ಪಿಗೂ ಸೇರಿಸಿ ಅಂತು. ಆದರೆ ಸೂತ್ರದ ಬಾಡಿಗೆ ಸರ್ಕಾರ ಕಟ್ಟಿಸಿಕೊಡೋ ಅಗ್ಗದ ಮನೆಯ ಬಾಡಿಗೆ. ಅಂಥ ಮನೆ ಪೀಣ್ಯದಲ್ಲಿ ನನ್ನ ಮಗನಿಗೆ ಯಾರು ಕೊಟ್ಟಿದ್ದಾರೆ? ರೈತನ ಲೆಕ್ಕದಲ್ಲಿ ಭೂಮಿಯ ಗೇಣಿ ಬಿಟ್ಟರು, ಕಾರ್ಮಿಕನ ಲೆಕ್ಕದಲ್ಲಿ ನಿಜವಾದ ಬಾಡಿಗೆ ಬಿಟ್ಟರು. ಬಿಟ್ಟದ್ದನ್ನೆಲ್ಲ ತುಂಬೋದು ಹಳ್ಳಿ ಮನೆ.

ಒಂದು ಕಹಿ ಮಾತು ನಮಗೂ ಹೇಳಬೇಕು. ನಾಟಿಗೆ ಆಳು ಸಿಗೋದಿಲ್ಲ, ಕೂಲಿ ಜಾಸ್ತಿ ಆಯ್ತು ಅಂತ ಕಟ್ಟೆ ಮೇಲೆ ಕೂತು ಗೊಣಗೋರು ನಾವೇ. ಮಗನ ಮಾಲೀಕ ಕಟುಕ, ನಾನು ಮಾತ್ರ ಧರ್ಮರಾಯ ಅಂದರೆ ನಡೆಯುತ್ತಾ? ನಮ್ಮ ಗದ್ದೆಗೆ ಬರೋ ಹೆಣ್ಣಾಳಿಗೆ ಮನೆಯಿಂದ ಕಟ್ಟಿ ಕಳಿಸೋಕೆ ಅಕ್ಕಿ ಚೀಲವೂ ಇಲ್ಲ. ಭತ್ತದ ಬೆಲೆ ಕೇಳೋ ಬಾಯಿ ಅವಳ ಕೂಲಿಯ ಮಾತು ಬಂದಾಗ ಮುಚ್ಚಿಕೊಂಡರೆ ನಮ್ಮ ಮಾತಿಗೆ ತೂಕ ಬರೋದಿಲ್ಲ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋಕೆ ಅಡ್ಡ ಬಂದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರಾರು ಜನ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವರಲ್ಲಿ ಎಷ್ಟೋ ಜನ ನಮ್ಮಂಥ ಮನೆಯ ಮಕ್ಕಳೇ. ಅವತ್ತು ನಾವು ಅವರ ಜೊತೆ ಇರಲಿಲ್ಲ.

ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆ ಸರಿಯಿಲ್ಲ ಅಂತ. ಕೊಳಗ ಈಗಲೂ ಸರಿಯಿಲ್ಲ. ಬಾಡಿಗೆ ಅಳೆಯೋಕೆ ದೊಡ್ಡದು, ಕೂಲಿ ಮತ್ತು ಭತ್ತದ ಬೆಲೆ ಅಳೆಯೋಕೆ ಚಿಕ್ಕದು. ಅಪ್ಪ ಮಗ ಬೇರೆ ಬೇರೆ ನಿಂತು ಕೇಳಿದರೆ ಅಳೆಯೋನು ಇಬ್ಬರಿಗೂ ಮೋಸ ಮಾಡ್ತಾನೆ. ಮುಂದಿನ ಸಲ ಭತ್ತದ ಬೆಲೆಗೆ ತಾಲ್ಲೂಕು ಕಚೇರಿ ಮುಂದೆ ಕೂರುವಾಗ ಬೇಡಿಕೆ ಪಟ್ಟಿಯಲ್ಲಿ ಮಕ್ಕಳ ಸಂಬಳ, ಮನೆ ಬಾಡಿಗೆಯನ್ನೂ ಬರೆಯೋಣ. ಹಬ್ಬಕ್ಕೆ ಮಕ್ಕಳು ಬಂದಾಗ ಚೀಲ ತುಂಬೋ ಮೊದಲು ಕೂರಿಸಿ ಲೆಕ್ಕ ಕೇಳೋಣ, ನಮ್ಮ ಲೆಕ್ಕವನ್ನೂ ಹೇಳೋಣ.