ಗಾಲಿಯ ಲೆಕ್ಕ

ಅಣ್ಣನ ಬೈಸಿಕಲ್ಲಿನ ಗಾಲಿ 28 ಅಂಗುಲದ್ದು. ತಮ್ಮನದು 20 ಅಂಗುಲದ್ದು. ಸುಲೇಪೇಟದಿಂದ ಇಬ್ಬರೂ ಸೇಡಮ್ಮಿನ ದಾರಿ ಹಿಡಿದರೆ, ಹೆಚ್ಚು ತುಳಿದವನು ತಮ್ಮ, ಹಿಂದುಳಿದವನೂ ತಮ್ಮನೇ. “ಹುಡುಗನಲ್ಲಿ ಕಸುವಿಲ್ಲ” ಎಂದು ಮನೆಯ ಹಿರಿಯರು ತೀರ್ಪು ಕೊಡುವುದುಂಟು. ಆದರೆ ತಪ್ಪು ಹುಡುಗನದಲ್ಲ, ಗಾಲಿಯ ಲೆಕ್ಕದ್ದು.

ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಎನ್ನಿ. ಪೆಡಲು ಒಂದು ಸುತ್ತು ಬಂದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುವುದು. ಅಷ್ಟರಲ್ಲಿ ದೊಡ್ಡ ಗಾಲಿ ಐದೂವರೆ ಮೀಟರಿನಷ್ಟು ಸಾಗಿದರೆ, ಚಿಕ್ಕದು ಸಾಗುವುದು ನಾಲ್ಕು ಮೀಟರಿಗೂ ಕಡಿಮೆ. ಹಿಂದಿನ 18 ಹಲ್ಲನ್ನು 13ಕ್ಕೆ ಇಳಿಸಿದರೆ ಇಬ್ಬರೂ ಸರಿಸಮ. ಆದರೆ ಒಂದೊಂದು ತುಳಿತವೂ ಅಷ್ಟೇ ಭಾರವಾಗುವುದು. ಯಂತ್ರದಲ್ಲಿ ಯಾವುದೂ ಪುಕ್ಕಟೆಯಾಗಿ ದೊರೆಯದು.

ಬೆನ್ನೊರಗಿ ಕುಳಿತು, ಕಾಲು ಮುಂದೆ ಚಾಚಿ ತುಳಿಯುವ ಬೈಸಿಕಲ್ಲಿಗೂ ಇದೇ ನಿಯಮ. ಅದರಲ್ಲಿ ಪೆಡಲು ಮುಂದಿನ ಗಾಲಿಯ ಆಸುಪಾಸಿನಲ್ಲೇ ಇರುವುದರಿಂದ, ತಿರುವಿನಲ್ಲಿ ಹಿಮ್ಮಡಿಗೆ ತಗುಲದಂತೆ ಆ ಗಾಲಿಯನ್ನು ಹಲವೊಮ್ಮೆ ಚಿಕ್ಕದಾಗಿಸುವರು. 1933ರ ಜುಲೈ 7ರಂದು ಫ್ರಾನ್ಸಿನ ಫ್ರಾನ್ಸಿಸ್ ಫೋರ್, ಷಾರ್ಲ್ ಮೋಷೆ ನಿರ್ಮಿಸಿದ ಇಂತಹ ಬೈಸಿಕಲ್ಲಿನ ಮೇಲೆ ಒಂದು ಗಂಟೆಯಲ್ಲಿ 45.055 ಕಿಲೋಮೀಟರು ಸಾಗಿ, 1914ರಿಂದ ನಿಂತಿದ್ದ ದಾಖಲೆಯನ್ನು ಮುರಿದನು. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಈ ಮಾದರಿಯನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು.

ಆದರೆ ಅವನು ಓಡಿಸಿದ್ದು ನಯವಾದ ಪಂದ್ಯದ ಅಂಗಳದಲ್ಲಿ. ಚಿಕ್ಕ ಗಾಲಿ ಹಗುರ, ಗಟ್ಟಿ, ಬೇಗ ವೇಗಕ್ಕೇರುವಂಥದು. ಆದರೆ ಕೈ ಕೊಂಚ ಅಲುಗಿದರೂ ಹೊರಳುವ ಚಂಚಲ ಸ್ವಭಾವದ್ದು. ದೊಡ್ಡ ಗಾಲಿ ಉರುಳಿ ದಾಟುವ ಕಲ್ಲಿಗೆ ಚಿಕ್ಕದು ಮುಗ್ಗರಿಸುವುದು. ತಗ್ಗಿನಲ್ಲಿ ಇನ್ನೂ ಆಳಕ್ಕಿಳಿಯುವುದು. ಸಾಮಾನ್ಯ ಬೈಸಿಕಲ್ಲಿನವನು ಸೀಟಿನಿಂದ ಮೇಲೆದ್ದು ಪೆಟ್ಟನ್ನು ಕಾಲಿನಲ್ಲಿ ತಡೆದಾನು. ಒರಗಿ ಕುಳಿತವನ ಬೆನ್ನಿಗೆ ಆ ಉಪಾಯವಿಲ್ಲ. ಎರೆಮಣ್ಣು, ಒಡೆದ ಕಲ್ಲು ತುಂಬಿದ ಚಿಂಚೋಳಿ, ಚಿತ್ತಾಪುರಗಳ ಹೊಲದ ದಾರಿಯಲ್ಲಿ ಅಗಲವಾದ ಟೈರೇ ಅವನಿಗೆ ಆಸರೆ.

ಇದು ದೂರದೇಶದ ಸೋಜಿಗವೆಂದು ಮರೆಯುವಂತಿಲ್ಲ. ನಡೆಯಲಾರದವರು ಕುಳಿತು ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ನಮ್ಮ ಊರೂರಲ್ಲೂ ಇದೆ. ಅದರ ಗಾಲಿ ದೊಡ್ಡದಾಗಿ, ಹಲ್ಲಿನ ಲೆಕ್ಕ ತಪ್ಪಿದರೆ, ಏರು ಬಂದಾಗ ತೋಳು ಸೋಲುವುದು. ಮತ್ತೊಬ್ಬರ ಕೈ ಹಿಂದಿನಿಂದ ನೂಕಬೇಕಾಗುವುದು. ಯಾರ ಹಂಗೂ ಇಲ್ಲದೆ ಸಂತೆಗೆ ಹೋಗಿಬರಲೆಂದು ಕೊಟ್ಟ ಗಾಡಿ ಆಗ ಅಂಗಳದಲ್ಲೇ ಉಳಿಯುವುದು. ಗಾಡಿ ಕೊಡುವವರು ಮೊದಲು ಅವರ ಮನೆಯ ಮುಂದಿನ ದಾರಿಯನ್ನು ನೋಡಿಬರುವುದು ಲೇಸು.