ಕಜ್ಜಿ ನಾಯಿ ಅನ್ನೋ ಮುಂಚೆ

ನಮ್ಮ ಹಾಸನದ ಕಡೆ ಮೈ ಕೆರೆದುಕೊಳ್ಳೋ ನಾಯಿ ಕಂಡರೆ ಸಾಕು, ‘ಕಜ್ಜಿ ನಾಯಿ, ಆಚೆ ಬಿಡಿ’ ಅಂತಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಹೋದರೂ ನಾನು ಕೇಳಿರೋದು ಇದೇ ಮಾತು. ಸಾಕಿದ ನಾಯಿ ಬೀದಿಗೆ ಬೀಳೋಕೆ ಇಷ್ಟು ಸಾಕು. ಆದರೆ ತುರಿಕೆಯೆಲ್ಲ ಕಜ್ಜಿಯಲ್ಲ. ನಾಯಿಗಳಲ್ಲಿ ಅಲರ್ಜಿ ತುಂಬಾ ಸಾಮಾನ್ಯ, ಅದು ಯಾರಿಗೂ ಅಂಟಲ್ಲ.

ಎಲ್ಲಿ ಕೆರೆದುಕೊಳ್ಳುತ್ತೆ ಅಂತ ಗಮನಿಸಿ. ಬಾಲದ ಬುಡ, ಸೊಂಟ ಆದರೆ ಚಿಗಟದ ಮೇಲೆ ಅನುಮಾನ. ಅದರ ಎಂಜಲು ಆಗದ ನಾಯಿಗೆ ಒಂದೆರಡು ಕಡಿತವೇ ಸಾಕು. ಔಷಧಿ ಜೊತೆಗೆ ನಾಯಿ ಮಲಗೋ ಬಟ್ಟೆಯನ್ನೂ ಒಗೆಯಬೇಕು, ಚಿಗಟದ ಮೊಟ್ಟೆ ಅಲ್ಲೇ ಉದುರಿರುತ್ತೆ. ಪಾದ ನೆಕ್ಕುತ್ತಿದ್ದರೆ, ಕಿವಿ ಕೆಂಪಾಗಿದ್ದರೆ ದೂಳು, ಪರಾಗ ಅಥವಾ ಆಹಾರದ ಅಲರ್ಜಿ ಇರಬಹುದು. ಆಹಾರದ್ದೇ ಅಂತ ತಿಳಿಯೋಕೆ ಡಾಕ್ಟರ್ ಹೇಳಿದ ಪಥ್ಯವನ್ನ ಸುಮಾರು 8 ವಾರ ಮಾಡಬೇಕು. ನಡುವೆ ಒಂದು ಬಿಸ್ಕತ್ತೂ ಹಾಕೋ ಹಾಗಿಲ್ಲ.

ಇದಕ್ಕೂ ಮೊದಲು ಚರ್ಮದ ಪರೀಕ್ಷೆ ಮಾಡಿಸಿ. ನುಸಿಯಿಂದ ಬರೋ ಕಜ್ಜಿಯಾದರೆ ನಮಗೂ ಅಂಟಬಹುದು, ಅದರ ಔಷಧಿಯೇ ಬೇರೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ತಾಲ್ಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಮಾತ್ರ ಬಳಿಯಬೇಡಿ. ಚರ್ಮ ಸುಡುತ್ತೆ, ನೆಕ್ಕಿದರೆ ವಿಷ.

ಅಲರ್ಜಿ ಪೂರ್ತಿ ವಾಸಿಯಾಗದೇ ಇರಬಹುದು, ಆದರೆ ಹತೋಟಿಗೆ ಬರುತ್ತೆ. ಬಿಪಿ, ಶುಗರ್ ಇದೆ ಅಂತ ಮನೆಯವರನ್ನ ಆಚೆ ಹಾಕ್ತೀವಾ?